ಎಣಿಕೆ ನಿಲ್ಲುವ ಮುನ್ನ

ಇನ್ನು ಒಂದೆರಡು ತಿಂಗಳಲ್ಲಿ ನನ್ನ ಕಾರು ಎಣಿಸುವುದನ್ನು ನಿಲ್ಲಿಸುತ್ತದೆ. ಕೆಟ್ಟು ನಿಲ್ಲುವುದಲ್ಲ. ನನ್ನದು ಟೊಯೋಟಾ ಪ್ರಿಯಸ್, ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯ ಮೋಟಾರೂ ಎರಡೂ ಇರುವ ಹೈಬ್ರಿಡ್ ಕಾರು. ಎರಡನೆಯ ತಲೆಮಾರಿನ ಪ್ರಿಯಸ್‌ನ ಓಡೋಮೀಟರಿಗೆ 2,99,999 ಮೈಲಿಯೇ ಕೊನೆಯ ಅಂಕಿ. ಅಲ್ಲಿಂದ ಮುಂದೆ ಗಾಡಿ ಎಷ್ಟು ಬೇಕಾದರೂ ಓಡಬಹುದು, ಅಂಕಿ ಮಾತ್ರ ಅಲ್ಲೇ ಕೂತಿರುತ್ತದೆ. ಇಂದು ಬೆಳಗ್ಗೆ ನೋಡಿದಾಗ 2,98,412 ಇತ್ತು. ಕಿಲೋಮೀಟರಿನಲ್ಲಿ ಹೇಳಿದರೆ 4 ಲಕ್ಷ 80 ಸಾವಿರ.

ಮೀಟರು ನಿಂತರೂ ನನಗೆ ಗಾಬರಿಯಿಲ್ಲ, ಏಕೆಂದರೆ ಕೈಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇದೆ. ಈ ಚಟ ಅಪ್ಪನಿಂದ ಬಂದದ್ದು. ಅಪ್ಪ ಅರಸೀಕೆರೆಯಲ್ಲಿ ಮೇಷ್ಟರಾಗಿದ್ದವರು. ಅವರ ಚೇತಕ್ ಸ್ಕೂಟರಿಗೆ ಒಂದು ಲೆಕ್ಕದ ಪುಸ್ತಕವಿತ್ತು: ತಾರೀಖು, ಲೀಟರು, ಕಿಲೋಮೀಟರು, ಹಣ. ಒಮ್ಮೆ ಸ್ಪೀಡೋಮೀಟರಿನ ಕೇಬಲ್ ತುಂಡಾಯಿತು. ಮುಳ್ಳು ಸೊನ್ನೆಯ ಮೇಲೆ ಮಲಗಿತು. ಹೊಸ ಕೇಬಲ್ ಹಾಕಿಸಲು ಅಪ್ಪ ತಿಂಗಳುಗಟ್ಟಲೆ ಹೋಗಲಿಲ್ಲ, ಆದರೆ ಪುಸ್ತಕವನ್ನು ಖಾಲಿ ಬಿಡಲೂ ಇಲ್ಲ. ಹಾಕಿಸಿದ ಪೆಟ್ರೋಲನ್ನು ನಲವತ್ತರಿಂದ ಗುಣಿಸಿ, ಬಂದ ಅಂಕಿಯ ಪಕ್ಕದಲ್ಲಿ ಸಣ್ಣದಾಗಿ ‘ಅಂ.’ ಎಂದು ಬರೆಯುತ್ತಿದ್ದರು. ಅಂದಾಜು. ಅಂದಾಜನ್ನು ಅಂದಾಜು ಎಂದೇ ಬರೆದಿಡಬೇಕೆಂಬುದು ಅವರ ಮೇಷ್ಟ್ರುಗಿರಿ.

ನಾನು ಈ ಕಾರನ್ನು ಕೊಂಡದ್ದು 2011ರ ಆಗಸ್ಟ್‌ನಲ್ಲಿ. 2006ರ ಮಾದರಿ, ಆಗಲೇ 64,000 ಮೈಲಿ ಓಡಿತ್ತು. ಆ ವರ್ಷ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಬಂದು ಹೊಸ ಪ್ರಿಯಸ್‌ಗಳು ಅಮೆರಿಕಕ್ಕೆ ಬರುವುದು ಕಡಿಮೆಯಾಗಿ, ಹಳೆಯವುಗಳ ಬೆಲೆ ಏರಿ ಕೂತಿತ್ತು. ಕೊಡಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟೆ. ಬಂಪರಿನ ಮೂಲೆಯಲ್ಲಿ ಹಳದಿ ಚೀಟಿಯೊಂದು ಅಂಟಿಕೊಂಡಿತ್ತು. ಒಬ್ಬರೇ ಕೂತಿದ್ದರೂ, ಒಬ್ಬರಿಗಿಂತ ಹೆಚ್ಚು ಜನರಿರುವ ಕಾರುಗಳಿಗೆ ಮೀಸಲಾದ ಹೆದ್ದಾರಿಯ ಕಾರ್‌ಪೂಲ್ ಸಾಲಿನಲ್ಲಿ ಹೋಗಲು ಕ್ಯಾಲಿಫೋರ್ನಿಯಾ ಸರ್ಕಾರ 85,000 ಹೈಬ್ರಿಡ್‌ಗಳಿಗೆ ಕೊಟ್ಟಿದ್ದ ಪರವಾನಗಿ ಅದು. ಅದರ ಅವಧಿ ಮುಗಿದದ್ದು 2011ರ ಜುಲೈ 1ಕ್ಕೆ. ಮದುವೆ ಊಟ ಮುಗಿದು ಎಲೆ ತೆಗೆಯುವ ಹೊತ್ತಿಗೆ ಹೋಗುವುದು ನನ್ನ ಹಣೆಬರಹ. ಚೀಟಿ ಈಗಲೂ ಇದೆ, ಬಿಸಿಲಿಗೆ ಬೆಳ್ಳಗಾಗಿ.

ವಾಹನ ಪೂಜೆಗೆ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋದೆವು. ಅರ್ಚಕರು ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, "ಸ್ಟಾರ್ಟ್ ಮಾಡಿ" ಎಂದರು. ಮಾಡಿದೆ ಎಂದೆ. ಅವರು ಕಾದರು. ನಾನೂ ಕಾದೆ. "ಮಾಡಿ ಸ್ವಾಮಿ" ಎಂದರು ಮತ್ತೆ. ಎಂಜಿನ್ ಬಿಸಿಯಾಗಿದ್ದರಿಂದ ಅದು ಏಳಲೇ ಇಲ್ಲ. ಗಾಡಿ ಬ್ಯಾಟರಿಯಲ್ಲೇ ಬೆಕ್ಕಿನ ಹಾಗೆ ಮುಂದೆ ಸರಿದು ನಿಂಬೆಹಣ್ಣು ಪಚ್ಚೆಂದಾಗ ಅರ್ಚಕರು ಒಂದು ಹೆಜ್ಜೆ ಹಿಂದೆ ಹಾರಿದರು.

ಈ ಸದ್ದಿಲ್ಲದಿರುವುದೇ ಈ ಕಾರಿನ ಗುಣ, ಸಾಕುವವನಿಗೆ ಇದೇ ತಾಪತ್ರಯ. ಚೇತಕ್ ತನಗೇನಾಗಿದೆ ಎಂದು ಊರಿಗೆಲ್ಲ ಸಾರುತ್ತಿತ್ತು. ಪ್ಲಗ್ಗಿಗೆ ಕರಿ ಹಿಡಿದರೆ ಕೆಮ್ಮುತ್ತಿತ್ತು, ಕ್ಲಚ್ಚಿನ ತಂತಿ ಸಡಿಲವಾದರೆ ಕೈಗೆ ಗೊತ್ತಾಗುತ್ತಿತ್ತು. ಪ್ರಿಯಸ್ ಹಾಗಲ್ಲ. ಒಳಗೊಳಗೇ ನುಂಗಿಕೊಳ್ಳುವ ಹಿರಿಸೊಸೆಯ ಸ್ವಭಾವ. ಹೇಳುವ ಹೊತ್ತಿಗೆ ಮಾತು ಬಹಳ ಮುಂದೆ ಹೋಗಿರುತ್ತದೆ.

ಅಪ್ಪ 2013ರಲ್ಲಿ ಇಲ್ಲಿಗೆ ಬಂದಿದ್ದಾಗ ಮೊದಲ ಸಿಗ್ನಲ್ಲಿನಲ್ಲೇ ಗಾಬರಿಯಾದರು. "ಏನೋ, ಗಾಡಿ ಆಫ್ ಆಯಿತಲ್ಲೋ!" ಕೆಟ್ಟಿಲ್ಲ ಅಪ್ಪ, ನಿಂತಾಗ ಎಂಜಿನ್ ತಾನೇ ಆರುತ್ತದೆ, ಇಳಿಜಾರಿನಲ್ಲೂ ಆರುತ್ತದೆ, ಬ್ರೇಕ್ ಹಿಡಿದಾಗ ಮೋಟಾರು ಡೈನಮೋ ಆಗಿ ಬ್ಯಾಟರಿ ತುಂಬುತ್ತದೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅಂದರೆ ರೈಲ್ವೆ ಗೇಟಿನಲ್ಲಿ ನಾನು ಕೈಯಲ್ಲಿ ಮಾಡುತ್ತಿದ್ದದ್ದನ್ನು ಇದು ತಾನೇ ಮಾಡುತ್ತದೆ ಅನ್ನು." ಗೇಟು ಬಿದ್ದ ಕೂಡಲೇ ಸ್ಕೂಟರ್ ಆರಿಸುವುದು, ಇಳಿಜಾರು ಬಂದರೆ ನ್ಯೂಟ್ರಲ್ಲಿಗೆ ಹಾಕಿ ಬಿಡುವುದು ಅವರ ಜೀವಮಾನದ ಅಭ್ಯಾಸ. ಹೈಬ್ರಿಡ್ ಎಂದರೇನು ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಮಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಬ್ಯಾಟರಿ ಹೋದರೆ? ಗೃಹಪ್ರವೇಶದಲ್ಲಿ, ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ, ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದಾರೆ. ಅರಸೀಕೆರೆಯಲ್ಲಿ ನನ್ನ ಅಕ್ಕನ ಮಗ ಕಳೆದ ವರ್ಷ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್ ಕೊಂಡ. ಅವನೂ ಫೋನ್ ಮಾಡಿ ಅದನ್ನೇ ಕೇಳಿದ: "ಮಾವ, ಬ್ಯಾಟರಿ ಹೋದರೆ ಏನು ಗತಿ?"

ಬ್ಯಾಟರಿ ಹೋಯಿತು. ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಬೇರೆ ಏನೇನೋ ಹೋದವು, ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಮೊದಲು ಸುಸ್ತಾದದ್ದು ಇನ್ನೊಂದು ಬ್ಯಾಟರಿ. ಹೈಬ್ರಿಡ್‌ನಲ್ಲಿ ಬ್ಯಾಟರಿಗಳು ಎರಡು. ಹಿಂದಿನ ಸೀಟಿನ ಹಿಂದೆ ಮಲಗಿರುವ 201.6 ವೋಲ್ಟಿನ ದೊಡ್ಡದು ಒಂದು, ಡಿಕ್ಕಿಯ ಬಲಮೂಲೆಯಲ್ಲಿ ಅಡಗಿರುವ 12 ವೋಲ್ಟಿನ ಸಣ್ಣದು ಇನ್ನೊಂದು. ಎಂಜಿನ್ ತಿರುಗಿಸುವುದು ದೊಡ್ಡದರ ಕೆಲಸವಾದರೂ ಕಂಪ್ಯೂಟರುಗಳನ್ನು ಎಬ್ಬಿಸುವುದು ಸಣ್ಣದು. ಬೀಗದ ಕೈ ಅದರ ಸೊಂಟದಲ್ಲಿದೆ. ಅದು ನಿತ್ರಾಣವಾದರೆ ಒಂದಕ್ಕೊಂದು ಸಂಬಂಧವಿಲ್ಲದ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. 2014ರಲ್ಲಿ ಹಾಗಾದಾಗ ನಾನು ಹೋದ ಒಂದು ವರ್ಕ್‌ಶಾಪಿನವರು ಹೈಬ್ರಿಡ್ ವ್ಯವಸ್ಥೆಯೇ ಹೋಗಿದೆ, 4,000 ಡಾಲರ್ ಆಗುತ್ತದೆ ಎಂದರು. ರಾತ್ರಿಯೆಲ್ಲ ನಿದ್ದೆಯಿಲ್ಲ. ಮರುದಿನ ಟ್ರೇಸಿಯಲ್ಲಿ ಒಬ್ಬ ಮೆಕ್ಯಾನಿಕ್ ಬಳಿಗೆ ಒಯ್ದೆ. ಮೊದಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೈಬ್ರಿಡ್ ಟ್ಯಾಕ್ಸಿ ಓಡಿಸುತ್ತಿದ್ದ ಮನುಷ್ಯ. ಅವರು ಬಾನೆಟ್ಟನ್ನೂ ಎತ್ತಲಿಲ್ಲ. ಡಿಕ್ಕಿಯ ಮೂಲೆಯ ಮುಚ್ಚಳ ತೆಗೆದು ಮೀಟರಿನ ಎರಡು ಕಡ್ಡಿ ಇಟ್ಟು ನೋಡಿ, "ಇನ್ನೂರು ಡಾಲರ್" ಎಂದರು. ಅಂದಿನಿಂದ ಅವರೇ ನಮ್ಮ ಮನೆವೈದ್ಯರು.

ಆಮೇಲೆ ಆಯಿಲ್. ಸುಮಾರು 1,80,000 ಮೈಲಿಯ ಹೊತ್ತಿಗೆ ಎಂಜಿನ್ ಸ್ವಲ್ಪ ಸ್ವಲ್ಪವೇ ಆಯಿಲ್ ಕುಡಿಯತೊಡಗಿತು. ಹೊಗೆಯಿಲ್ಲ, ಸದ್ದಿಲ್ಲ, ನೆಲದ ಮೇಲೆ ಒಂದು ತೊಟ್ಟಿಲ್ಲ. ಎರಡು ಸಲ ಪೆಟ್ರೋಲ್ ಹಾಕಿಸಿದರೆ ಒಂದು ಸಲ ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸವಿಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಹಳೆಯ ಹೈಬ್ರಿಡ್‌ಗಳಲ್ಲಿ ಎಷ್ಟೋ ಸತ್ತಿರುವುದು ದುಬಾರಿ ಬ್ಯಾಟರಿಯಿಂದಲ್ಲ, ಬಗ್ಗಿ ನೋಡುವ ಸೋಮಾರಿತನದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದುವಂತೆ ಬದಲಿಸುವ ಇನ್ವರ್ಟರನ್ನು ತಣ್ಣಗಿಡುವ ಪುಟ್ಟ ಪಂಪು ಇನ್ನೊಂದು. ಅದು ಓಡುತ್ತಿದೆಯೇ ಎಂದು ನೋಡುವ ಕ್ರಮ ನನಗೆ ಬಹಳ ಇಷ್ಟ. ಎಂಜಿನ್ ತಣ್ಣಗಿರುವಾಗ ಗಾಡಿಯನ್ನು ಆನ್ ಮಾಡಿ, ಬಾನೆಟ್ ಎತ್ತಿ, ಇನ್ವರ್ಟರಿನ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ಇಣುಕಬೇಕು. ಗುಲಾಬಿ ಬಣ್ಣದ ನೀರು ಒಲೆಯ ಮೇಲಿನ ಸಾರಿನ ಹಾಗೆ ಮಗುಚಿಕೊಳ್ಳುತ್ತಿದ್ದರೆ ಕ್ಷೇಮ. ಕೆರೆಯಂತೆ ನಿಶ್ಚಲವಾಗಿದ್ದರೆ ಪಂಪು ತೀರಿಕೊಂಡಿದೆ ಎಂದರ್ಥ. ಒಂದು ಭಾನುವಾರ ನಿಶ್ಚಲವಾಗಿತ್ತು. ಪಂಪು ಅಗ್ಗ, ಅದು ಕಾಯುವ ಇನ್ವರ್ಟರು ದುಬಾರಿ.

ಗೇರ್‌ಬಾಕ್ಸ್ ಬಗ್ಗೆ ಎರಡೇ ಮಾತು. ಜನ ಇದನ್ನು ಜಟಿಲ ಎಂದು ಹೆದರುತ್ತಾರೆ. ನಿಜಕ್ಕೂ ಇದರಲ್ಲಿ ಕ್ಲಚ್ಚಿಲ್ಲ, ಸೆಲ್ಫ್ ಸ್ಟಾರ್ಟರಿಲ್ಲ, ಬೇರೆ ಡೈನಮೋ ಇಲ್ಲ, ಬದಲಾಗುವ ಗೇರುಗಳೇ ಇಲ್ಲ. ನಡುವೆ ಸೂರ್ಯ, ಸುತ್ತ ಗ್ರಹಗಳು ಎಂಬಂತೆ ಜೋಡಿಸಿದ ಒಂದು ಗೇರಿನ ಗುಂಪು, ಅದರ ಜೊತೆ ಎರಡು ಮೋಟಾರು, ಅಷ್ಟೆ. ಅದರ ಎಣ್ಣೆಯನ್ನು ಬದಲಿಸಿದಾಗ ಕೆಂಪಾಗಿ ಇರಬೇಕಾದದ್ದು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದಿತ್ತು. ಬ್ರೇಕ್ ಪ್ಯಾಡುಗಳಂತೂ ಮೊದಲ ಸಲ ಬದಲಾದದ್ದು 1,40,000 ಮೈಲಿಗೆ. ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವುದರಿಂದ ಪ್ಯಾಡುಗಳಿಗೆ ಕೆಲಸ ಕಡಿಮೆ.

ಈಗ ಬ್ಯಾಟರಿ.

ನಾನು ಮೌಂಟನ್ ಹೌಸ್‌ನಿಂದ ಸನಿವೇಲ್‌ಗೆ ಆಲ್ಟಮಾಂಟ್ ಕಣಿವೆ ದಾಟಿ ಹೋಗುತ್ತಿದ್ದವನು. ಗಾಳಿಯಂತ್ರಗಳ ಗುಡ್ಡಗಳು. ಇಳಿಯುವಾಗ ಪರದೆಯ ಮೇಲೆ ಬ್ಯಾಟರಿಯ ಎಂಟೂ ಪಟ್ಟಿಗಳು ತುಂಬಿ ಹಸಿರಾಗುತ್ತವೆ. ಆದರೆ ಆ ಎಂಟು ಪಟ್ಟಿ ನಿಜವಾದ ತುಂಬಿದ ಹೊಟ್ಟೆಯಲ್ಲ. ಕಂಪ್ಯೂಟರ್ ಬ್ಯಾಟರಿಯನ್ನು ಸುಮಾರು ನಲವತ್ತರಿಂದ ಎಂಬತ್ತು ಶೇಕಡದ ನಡುವೆಯೇ ಇಟ್ಟುಕೊಳ್ಳುತ್ತದೆ. ಹೊಟ್ಟೆ ಬಿರಿಯ ಉಣಿಸುವುದಿಲ್ಲ, ಉಪವಾಸಕ್ಕೂ ಕೆಡವುವುದಿಲ್ಲ. ಮೊಬೈಲಿನ ಬ್ಯಾಟರಿ ಮೂರು ವರ್ಷಕ್ಕೆ ಸೋಲುವಾಗ ಇದು ಹದಿಮೂರು ವರ್ಷ ಬಾಳಿದ್ದಕ್ಕೆ ಈ ಮಿತಾಹಾರವೇ ಮುಖ್ಯ ಕಾರಣ.

2019ರ ಜುಲೈ, 2,21,000 ಮೈಲಿ. ಏರಿನ ಮಧ್ಯದಲ್ಲಿ ಕೆಂಪು ತ್ರಿಕೋನ ಹೊತ್ತಿತು. ಹಿಂದಿನ ಸೀಟಿನ ಪಕ್ಕದಿಂದ ಫ್ಯಾನಿನ ಸದ್ದು ಒಂದೇ ಸಮನೆ ಏರಿತು. ಎಂಟು ವರ್ಷದಲ್ಲಿ ಆ ಫ್ಯಾನ್ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಮೆಲ್ಲಗೆ ಮನೆ ಮುಟ್ಟಿಸಿ ಕೋಡ್ ಓದಿದರೆ ಪಿ-0-ಎ-80. ದೊಡ್ಡ ಬ್ಯಾಟರಿ ಬದಲಿಸಿ ಎಂಬ ಆದೇಶ.

ಮೆಕ್ಯಾನಿಕ್ ತಮ್ಮ ಶೆಡ್ಡಿನಲ್ಲೇ ಬಿಚ್ಚಿದರು, ನಾನು ಕೈಜೋಡಿಸಲು ಹೋದೆ. ಕೈಜೋಡಿಸುವುದು ಎಂದರೆ ದೂರ ನಿಂತು ದೀಪ ಹಿಡಿಯುವುದು. ಕಿತ್ತಳೆ ಬಣ್ಣದ ಪ್ಲಗ್ ಎಳೆದು, ಅದನ್ನು ತಮ್ಮ ಜೇಬಿನಲ್ಲೇ ಹಾಕಿಕೊಂಡು, ಹತ್ತು ನಿಮಿಷ ಕಾದು, ಮೊಣಕೈವರೆಗಿನ ರಬ್ಬರ್ ಗವಸು ಹಾಕಿಕೊಂಡೇ ಅವರು ಮುಟ್ಟಿದ್ದು. ಪ್ಲಗ್ ತೆಗೆದ ಮೇಲೂ ಒಳಗಿನ ಸಾಲಿನಲ್ಲಿ ಮನುಷ್ಯನನ್ನು ಮುಗಿಸುವಷ್ಟು ವೋಲ್ಟ್ ಉಳಿದಿರುತ್ತದೆ. ಯಾರಾದರೂ ಮನೆಯಲ್ಲೇ ಬಿಚ್ಚುತ್ತೇನೆ ಎಂದರೆ ನಾನು ಬೇಡ ಎಂದೇ ಹೇಳುವುದು.

ಫ್ಯಾನ್ ಹೊರಗೆ ಬಂದಾಗ ನನಗೆ ನಾಚಿಕೆಯಾಯಿತು. ಹಿಂದಿನ ಸೀಟಿನ ಬಲಬದಿಯ ಕಿಂಡಿಯಿಂದ ಒಳಗಾಳಿ ಎಳೆದು ಬ್ಯಾಟರಿಯನ್ನು ತಣ್ಣಗಿಡುವ ಫ್ಯಾನ್ ಅದು. ನಮ್ಮ ಮಗಳು ಎರಡು ವರ್ಷದವಳಿದ್ದಾಗಿನಿಂದ ಅದೇ ಕಿಂಡಿಯ ಪಕ್ಕದಲ್ಲೇ ಕೂತು ಬೆಳೆದವಳು. ರೆಕ್ಕೆಗಳ ಸಂದಿನಲ್ಲಿ ಅವಳ ಕೂದಲಿನ ಉಂಡೆ, ಚಕ್ಕುಲಿಯ ಪುಡಿ, ಪುಳಿಯೋಗರೆಯದೋ ಏನೋ ಒಂದು ಕಡಲೆಬೀಜ, ಮತ್ತು ಕುಂಕುಮ ಮೆತ್ತಿದ ಏಳೆಂಟು ಅಕ್ಷತೆ ಕಾಳು. ಪ್ರತಿ ವರ್ಷ ಆಯುಧ ಪೂಜೆಯಲ್ಲಿ ಗಾಡಿಗೆ ಒಳ್ಳೆಯದಾಗಲಿ ಎಂದು ನಾವೇ ಎರಚಿದ್ದು. ಎಲ್ಲ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬ್ಯಾಟರಿಯ ಆಯುಸ್ಸನ್ನು ತಿಂದದ್ದು ಇಲ್ಲಿನ ನಲವತ್ತು ಡಿಗ್ರಿಯ ಬೇಸಗೆ ಎಂದು ನಾನು ಬೈದುಕೊಂಡಿದ್ದೆ. ಬೇಸಗೆಗೆ ಕೈಜೋಡಿಸಿದವರು ನಾವೇ.

ಮುಚ್ಚಳ ತೆಗೆದರೆ ಒಳಗೆ ಪುಸ್ತಕದ ಕಪಾಟಿನಂತೆ ಒತ್ತೊತ್ತಾಗಿ ನಿಂತ 28 ಹಲ್ಲೆಗಳು, ಅಂದರೆ ಚಪ್ಪಟೆ ಬ್ಯಾಟರಿ ತುಂಡುಗಳು. ಒಂದೊಂದರಲ್ಲಿ ಆರು ಕೋಶ, ಒಟ್ಟು 168. ಮೆಕ್ಯಾನಿಕ್ ಒಂದೊಂದಕ್ಕೇ ಮೀಟರ್ ಹಿಡಿದು ಅಂಕಿ ಹೇಳುತ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. 7.8, 7.8, 7.9, 7.8. ಸಾಲಿನ ನಡುವಿಗೆ ಬಂದಾಗ 6.6. ಆರರಲ್ಲಿ ಒಂದು ಕೋಶ ಸತ್ತಿದೆ ಎಂದರು. ಸಾಯುವುದು ಸಾಮಾನ್ಯವಾಗಿ ನಡುವಿನವೇ, ಅಲ್ಲಿಯೇ ಶಾಖ ಹೆಚ್ಚು. 168ರಲ್ಲಿ ಒಂದು, ಆದರೆ ಎಲ್ಲ ಸಾಲಾಗಿ ಕೈ ಹಿಡಿದು ನಿಂತಿರುವುದರಿಂದ ಒಬ್ಬ ಕುಸಿದರೆ ಮೆರವಣಿಗೆಯೇ ನಿಲ್ಲುತ್ತದೆ.

ಹಲ್ಲೆಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳು ಹಸಿರು ಕಿಲುಬು ಹಿಡಿದಿದ್ದವು. ಅವನ್ನು ತಿಕ್ಕಿ ತರುವ ಕೆಲಸವನ್ನು ನನಗೆ ಕೊಟ್ಟರು. ಮನೆಯಲ್ಲಿ ನಾನು ವಿನಿಗರ್ ಹುಡುಕುತ್ತಿದ್ದಾಗ ಹೆಂಡತಿ ಇಣುಕಿ ನೋಡಿ, "ರೀ, ತಾಮ್ರದ ಚೊಂಬಿಗೆ ಏನು ಹಾಕುತ್ತೇವೆ? ಹುಣಸೆಹಣ್ಣಲ್ಲವೇ?" ಎಂದಳು. ಹುಣಸೆಹಣ್ಣು, ಉಪ್ಪು, ಹತ್ತು ನಿಮಿಷ. ತೊಳೆದು ಒಣಗಿಸಿದಾಗ ದೇವರ ಮನೆಯ ಪಂಚಪಾತ್ರೆಯಂತೆ ಹೊಳೆಯುತ್ತಿದ್ದವು. ಮೆಕ್ಯಾನಿಕ್ ಬೆಳಕಿಗೆ ಹಿಡಿದು ನೋಡಿ, ಯಾವ ರಾಸಾಯನಿಕ ಎಂದು ಕೇಳಿದರು. ನಾಳೆ ತರುತ್ತೇನೆ ಎಂದೆ. ಅವರ ಶೆಡ್ಡಿನಲ್ಲಿ ಈಗಲೂ ಹುಣಸೆಹಣ್ಣಿನ ಒಂದು ಪೊಟ್ಟಣವಿದೆ.

ಗುಜರಿಯಿಂದ ತಂದ ಒಂದು ಹಲ್ಲೆಗೆ 45 ಡಾಲರ್. ಹಾಕಿದೆವು, ಓಡಿತು, ನಾನು ಹೋದಲ್ಲೆಲ್ಲ ಜಂಬ ಕೊಚ್ಚಿಕೊಂಡೆ. ಆರು ತಿಂಗಳು. 2020ರ ಜನವರಿಯಲ್ಲಿ ಅದೇ ತ್ರಿಕೋನ, ಈ ಸಲ ಬೇರೆ ಹಲ್ಲೆ. ಮೆಕ್ಯಾನಿಕ್ ಮೊದಲೇ ಎಚ್ಚರಿಸಿದ್ದರು: ಒಂದೇ ವಯಸ್ಸಿನ 28 ಮಂದಿಯಲ್ಲಿ ಒಬ್ಬ ಹೋದರೆ ಉಳಿದವರ ಟಿಕೆಟ್ಟೂ ಕಾದಿರಿಸಿದೆ ಎಂದೇ ಲೆಕ್ಕ. ಅಗ್ಗದ ದಾರಿ ಹಿಡಿದದ್ದು ನನ್ನ ಆಸೆಬುರುಕತನ. ಫೆಬ್ರವರಿಯಲ್ಲಿ ಪೂರ್ತಿ ಹೊಸದೇ ಹಾಕಿಸಿದೆ, ಕೂಲಿ ಸೇರಿ 2,600 ಡಾಲರ್. ಹದಿನಾಲ್ಕು ವರ್ಷದ ಪ್ರಶ್ನೆಗೆ ಉತ್ತರ ಇಷ್ಟೇ. ಒಂದು ಶನಿವಾರ ಬೆಳಗ್ಗೆ ಬಿಟ್ಟು ಬಂದೆ, ಸಂಜೆ ಒಯ್ದೆ.

ಹೊಸ ಬ್ಯಾಟರಿ ಬಿದ್ದ ಮುಂದಿನ ತಿಂಗಳೇ ಕೊರೋನಾ. ಆಲ್ಟಮಾಂಟ್ ಇಲ್ಲ, ಕಚೇರಿಯಿಲ್ಲ. ಕಾರು ಗ್ಯಾರೇಜಿನಲ್ಲಿ ಮೂರು ವಾರ ನಿಂತಿತು, ಆ ಸಣ್ಣ 12 ವೋಲ್ಟಿನದು ಮತ್ತೆ ಬರಿದಾಯಿತು. ಅದು ಇರುವುದು ಡಿಕ್ಕಿಯಲ್ಲಿ, ಡಿಕ್ಕಿ ತೆರೆಯುವುದು ವಿದ್ಯುತ್ತಿನಲ್ಲಿ, ವಿದ್ಯುತ್ತು ಬರಬೇಕಾದದ್ದು ಅದರಿಂದಲೇ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು. ಪುಣ್ಯಕ್ಕೆ ಬಾನೆಟ್ಟಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಕೆಂಪು ಟೊಪ್ಪಿಗೆಯ ಒಂದು ತುದಿ ಇದೆ, ಅಲ್ಲಿಂದ ಎಬ್ಬಿಸಬಹುದು.

2021ರಲ್ಲಿ ಕಳ್ಳತನವಾಯಿತು. ರೈಲು ನಿಲ್ದಾಣದ ಪಾರ್ಕಿಂಗಿನಲ್ಲಿ ಸಂಜೆ ಬಂದು ಗುಂಡಿ ಒತ್ತಿದರೆ ಗಾಡಿ ಹೊಲ ಉಳುವ ಟ್ರ್ಯಾಕ್ಟರಿನಂತೆ ಆರ್ಭಟಿಸಿತು. ಎಂಜಿನ್ನಿನ ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೊಯ್ದುಕೊಂಡು ಹೋಗಿದ್ದರು. ಅದರೊಳಗಿನ ರೋಡಿಯಂ ಎಂಬ ಲೋಹ ಆ ವರ್ಷ ಔನ್ಸಿಗೆ 20,000 ಡಾಲರ್ ದಾಟಿತ್ತು, ಚಿನ್ನದ ಹತ್ತು ಪಟ್ಟಿಗೂ ಮಿಗಿಲು. ಕಳ್ಳರಿಗೆ ಈ ತಲೆಮಾರಿನ ಪ್ರಿಯಸ್ ಅಚ್ಚುಮೆಚ್ಚು. ಸದ್ದಿಲ್ಲದ ಗಾಡಿ ಹತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಆಗಲೇ. ವಿಮೆಯವರು ಇಡೀ ಕಾರನ್ನೇ ಗುಜರಿ ಎಂದು ಬರೆಯಲು ಹೊರಟಿದ್ದರು. ಬೇಡವೆಂದು ನಾಲ್ಕು ವಾರ ಪತ್ರ ಬರೆದೆ. ಹೊಸ ಕನ್ವರ್ಟರಿನ ಕೆಳಗೆ ಈಗ ಅಲ್ಯೂಮಿನಿಯಂ ತಗಡಿನ ಕವಚವಿದೆ.

ಅಷ್ಟಾದ ಮೇಲೆ ಹೆಂಡತಿ ನೇರವಾಗಿ ಕೇಳಿದಳು. ಇಷ್ಟೆಲ್ಲ ಸುರಿಯುವ ಬದಲು ಹೊಸದು ಕೊಳ್ಳಬಾರದೇ? ನೋಟ್‌ಬುಕ್ ತೆರೆದು ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಕೂಡಿದೆವು. ಆಯಿಲ್, ಟೈರು ಬಿಟ್ಟು ಉಳಿದ ರಿಪೇರಿಗೆ ಇಂದಿನವರೆಗೆ ಆಗಿರುವುದು 9,400 ಡಾಲರ್. ನನ್ನ ಕೈಯಲ್ಲಿ ಓಡಿರುವುದು 2,34,000 ಮೈಲಿ. ಮೈಲಿಗೆ ನಾಲ್ಕು ಸೆಂಟು. ಮೈಲೇಜು ಕೊಂಡಾಗ ಗ್ಯಾಲನ್ನಿಗೆ 46, ಈಗ 43, ಅಂದರೆ ಲೀಟರಿಗೆ ಹದಿನೆಂಟು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಇದು ನನ್ನ ಗಾಡಿಯ ಅದೃಷ್ಟವೇನೂ ಅಲ್ಲ. ನಾನು ಕೊಂಡ ವರ್ಷವೇ ಇಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು 2 ಲಕ್ಷ ಮೈಲಿ ದಾಟಿದ್ದ 2002ರ ಪ್ರಿಯಸ್ ಒಂದನ್ನು ಪರೀಕ್ಷಿಸಿದ್ದರು. ಹತ್ತು ವರ್ಷ ಹಿಂದೆ ಹೊಸ ಗಾಡಿ ಕೊಟ್ಟ ಮೈಲೇಜಿಗೂ ಇದು ಕೊಟ್ಟದ್ದಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆಯಿತ್ತು.

ಲೆಕ್ಕದಲ್ಲಿ ನಾನು ಗೆದ್ದೆ. ಆದರೆ ನೋಟ್‌ಬುಕ್ಕಿನಲ್ಲಿ ಬರೆಯದ ಕಾಲಮ್ಮು ಒಂದಿದೆ ಎಂದು ಹೆಂಡತಿ ಹೇಳಿದಳು, ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಕಳೆದ ಶನಿವಾರಗಳದ್ದು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹಾಗಾಗಿ ಎಲ್ಲರಿಗೂ ಹಳೆಯ ಹೈಬ್ರಿಡ್ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅಕ್ಕನ ಮಗನಿಗೆ ಹೇಳಿದ್ದು ಒಂದೇ: ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಎಲ್ಲಿದೆ ಎಂದು ಮೊದಲು ಹುಡುಕು, ಪೂಜೆಯ ದಿನ ಅದರ ಮೇಲೊಂದು ಬಟ್ಟೆ ಹೊದಿಸು.

ಮಗಳಿಗೆ ಈಗ ಹದಿನಾರು. ಇದೇ ಗಾಡಿಯಲ್ಲಿ ಓಡಿಸಲು ಕಲಿಯುತ್ತಿದ್ದಾಳೆ. ಕಳೆದ ವಾರ ಪೆಟ್ರೋಲ್ ಹಾಕಿಸಿ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಬರೆದು ಮುಗಿಸಿ ಕೇಳಿದಳು: "ಅಪ್ಪ, ಮೀಟರ್ ನಿಂತ ಮೇಲೆ ಈ ಮೂರನೆಯ ಮನೆಯಲ್ಲಿ ಏನು ಬರೆಯುವುದು?" ಗ್ಯಾಲನ್ನನ್ನು 43ರಿಂದ ಗುಣಿಸು ಎಂದೆ. "ಅದು ಸರಿಯಾದ ಅಂಕಿ ಆಗುವುದಿಲ್ಲವಲ್ಲ?"

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಚೇತಕ್ಕಿನ ಆ ಪುಸ್ತಕ ನನ್ನ ಬಳಿಯೇ ಇದೆ. ರಾತ್ರಿ ಅದನ್ನು ತೆಗೆದು ಅವಳಿಗೆ ತೋರಿಸಿದೆ. ಕನ್ನಡ ಅಕ್ಷರ ಕೂಡಿಸಿಕೊಂಡು ಓದುವವಳು, ‘ಅಂ.’ ಎಂಬಲ್ಲಿ ನಿಂತು ಅನುಸ್ವಾರವನ್ನು ಸೊನ್ನೆ ಎಂದುಕೊಂಡಳು. ಹೇಳಿಕೊಟ್ಟೆ. ಬೆಳಗ್ಗೆ ಕೈಪೆಟ್ಟಿಗೆಯ ನೋಟ್‌ಬುಕ್ ತೆರೆದು ನೋಡಿದರೆ ಮುಂದಿನ ಖಾಲಿ ಪುಟದಲ್ಲಿ, ಮೂರನೆಯ ಕಾಲಮ್ಮಿನ ಉದ್ದಕ್ಕೂ, ಪ್ರತಿ ಗೆರೆಯ ಮೇಲೂ ಪೆನ್ಸಿಲ್ಲಿನಲ್ಲಿ ಸೊಟ್ಟ ಸೊಟ್ಟವಾಗಿ ಬರೆದಿಟ್ಟಿದ್ದಳು: ಅಂ. ಅಂ. ಅಂ.